ಹದಿನೈದನೆಯ ಮೆಟ್ಟಿಲು

೬ ಫೆಬ್ರವರಿ

ಪ್ರೀತಿಯ ಅಕ್ಕಾ,

ಇದರ ಜೊತೆಗಿರುವ ಲಕೋಟೆಯನ್ನು ಹುಷಾರಾಗಿ ಬಿಡಿಸು. ನಿನ್ನ ಅಭ್ಯಾಸದಂತೆ ಪರಪರ ಹರಿದರೆ ನನ್ನ ಮೂರು ವಾರದ ಕೆಲಸ ಮಣ್ಣುಪಾಲು. ಒಳಗಿರುವುದು ನಿನ್ನ ಅರವತ್ತೈದನೆಯ ಹುಟ್ಟುಹಬ್ಬದ ಕಾರ್ಡು. ಕೊಂಡು ತಂದದ್ದಲ್ಲ, ನಾನೇ ಕೈಯಾರೆ ಮಾಡಿದ್ದು. ಮೂವತ್ತು ವರ್ಷ ಬೇರೆಯವರ ಹೆಸರು, ಹುದ್ದೆ, ವಿಳಾಸಗಳನ್ನೇ ರಬ್ಬರಿಗೆ ಇಳಿಸಿದ ಕೈಗೆ ಈ ಸಲ ಒಂದು ಹಕ್ಕಿಯನ್ನು ಕೆತ್ತುವ ಆಸೆ ಹುಟ್ಟಿತು.

ಮಾಡಿದ್ದು ಹೀಗೆ. ತೆಳು ಕಾಗದದ ಮೇಲೆ ಪೆನ್ಸಿಲಿನಿಂದ ಚಿತ್ರ ಬರೆದೆ. ಅದನ್ನು ರಬ್ಬರ್ ತುಂಡಿನ ಮೇಲೆ ಬೋರಲು ಹಾಕಿ ಉಗುರಿನಿಂದ ಉಜ್ಜಿದರೆ ಚಿತ್ರ ತಿರುಗುಮುರುಗಾಗಿ ಇಳಿಯುತ್ತದೆ. ಆಮೇಲೆ ಸಣ್ಣ ಉಳಿಯಿಂದ ಬೇಡದ್ದನ್ನೆಲ್ಲ ಕೆರೆದು ತೆಗೆಯಬೇಕು. ಹಕ್ಕಿಗೆ ಒಂದು ಮೊಹರು, ಕಿಟಕಿಗೆ ಒಂದು, ಹೂವಿಗೆ ಒಂದು. ಒಟ್ಟು ಒಂಬತ್ತು ಮೊಹರು ಈ ಒಂದು ಕಾರ್ಡಿಗೆ!

ಬಲಗಡೆ ಅಂಚಿನಲ್ಲಿ ನಾಲಗೆ ಚಾಚಿದಂತೆ ಒಂದು ಪಟ್ಟಿ ಇದೆ. ಎಳೆದರೆ ಹಕ್ಕಿ ಕಿಟಕಿಯಿಂದ ಹೊರಗೆ ಬರುತ್ತದೆ. ಒಳಗಿನ ಚಕ್ರವನ್ನು ತಿರುಗಿಸಿದರೆ ಪುಟ್ಟ ಕಿಂಡಿಯಲ್ಲಿ ನಿನ್ನ ನಾಲ್ಕು ಮುಖಗಳು ಒಂದರ ಹಿಂದೆ ಒಂದು ಬರುತ್ತವೆ. ಓದುವ ಮುಖ, ಬೈಯುವ ಮುಖ, ನಗುವ ಮುಖ. ನಾಲ್ಕನೆಯದು ಏನೆಂದು ಹೇಳುವುದಿಲ್ಲ. ನೋಡಿ ನೀನೇ ಬರೆ.

ಅಂಗಡಿಯಲ್ಲಿ ಉಸಿರಾಡಲೂ ಪುರುಸೊತ್ತಿಲ್ಲ. ಎದುರಿನ ನೋಂದಣಿ ಕಚೇರಿಯವರು ಬೆಳಿಗ್ಗೆಯಿಂದ ಸಂಜೆಯವರೆಗೆ ಬಾಗಿಲು ತಟ್ಟುತ್ತಲೇ ಇರುತ್ತಾರೆ. ನಿನ್ನ ನಾದಿನಿ ಕ್ಷೇಮ. ಫೋನಿನಲ್ಲಿ ಆಡಿದ ಮಾತನ್ನು ತಿದ್ದಲು ಬರುವುದಿಲ್ಲ ಎಂದು ನೀನು ಫೋನು ಎತ್ತುವುದಿಲ್ಲ. ಆದ್ದರಿಂದ ಬೇಗ ಕಾಗದ ಬರೆ.

ನಿನ್ನ ತಮ್ಮ


೧೯ ಫೆಬ್ರವರಿ

ಪ್ರೀತಿಯ ತಮ್ಮನಿಗೆ,

ಅಕ್ಷರ ಬೇರೆ ಎಂದು ಗಾಬರಿಯಾಗಬೇಡ. ಮಣಿಕಟ್ಟು ಉಳುಕಿದೆ, ಬರೆಯಲು ಕಶ್ಟ. ನಾನು ಹೇಳುತ್ತೇನೆ, ಎದುರು ಮನೆಯ ಟೈಲರಮ್ಮ ಬರೆಯುತ್ತಾಳೆ.

ಕಾರ್ಡು ತಲುಪಿತು. ತುಂಬ ಚೆನ್ನಾಗಿದೆ. ಬಣ್ಣಗಳಂತೂ ಕಣ್ಣಿಗೆ ಹಬ್ಬ. ಆ ಕೆಂಪು ಹೂವನ್ನು ಮೇಜಿನ ಮೇಲಿಟ್ಟುಕೊಂಡು ದಿನವೂ ನೋಡುತ್ತೇನೆ. ನಾಲ್ಕನೆಯ ಮುಖ ನೋಡಿ ಬಹಳ ನಕ್ಕೆ.

ಒಂದು ಮಾತು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡ. ಉಸಿರಾಡಲೂ ಪುರುಸೊತ್ತಿಲ್ಲದವನಿಗೆ ಒಂಬತ್ತು ಮೊಹರು ಕೆತ್ತಲು ಪುರುಸೊತ್ತು ಎಲ್ಲಿಂದ ಬಂತು? ಗಿರಾಕಿಗಳು ಬಾಗಿಲಲ್ಲಿ ನಿಂತಿರುವಾಗ ಕಾಗದದ ಹಕ್ಕಿ ಹಾರಿಸುತ್ತ ಕೂರುವ ವಯಸ್ಸೇ ನಿನ್ನದು? ನಾಲ್ಕು ಜನ ಹುಡುಕಿಕೊಂಡು ಬರುವ ಕೆಲಸ ಕೈಯಲ್ಲಿರುವುದು ದೊಡ್ಡದು. ಅದನ್ನು ಉಳಿಸಿಕೋ.

ಪ್ರೆಸ್ಸಿನಲ್ಲಿ ನನಗೂ ಕೈತುಂಬ ಪ್ರೂಫ್ ತಿದ್ದುವ ಕೆಲಸ. ಇಷ್ಟಕ್ಕೆ ಮುಗಿಸುತ್ತೇನೆ.

ಅಕ್ಕ


೨ ಮಾರ್ಚ್

ಅಕ್ಕಾ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನನ್ನ ಹೆಂಡತಿಗೂ ಓದಿ ಹೇಳಿದೆ. ಅವಳು "ಅತ್ತಿಗೆ ಹೀಗೆ ಬರೆಯೋರಲ್ಲ" ಅಂದಳು. ನನಗೂ ಹಾಗೇ ಅನ್ನಿಸಿತು. ನೇರವಾಗಿ ಕೇಳುತ್ತೇನೆ.

ಕಾರ್ಡಿನಲ್ಲಿ ಕೆಂಪು ಹೂವಿಲ್ಲ. ಇರುವುದು ನೀಲಿ. ಇಡೀ ಕಾರ್ಡಿನಲ್ಲಿ ಕೆಂಪು ಬಣ್ಣವೇ ಇಲ್ಲ, ಏಕೆಂದರೆ ನನ್ನ ಕೆಂಪು ಇಂಕು ಒಣಗಿಹೋಗಿತ್ತು. ನಾಲ್ಕನೆಯ ಮುಖ ನೋಡಿ ನಕ್ಕೆ ಎನ್ನುತ್ತೀಯ, ಅದು ಏನೆಂದು ಮಾತ್ರ ಬರೆದಿಲ್ಲ.

ಇನ್ನೊಂದು. ಒಳಪುಟದಲ್ಲಿ ದೊಡ್ಡ ಅಕ್ಷರದಲ್ಲಿ "ಹುಟ್ಟುಹಬ್ಬದ ಶುಭಾಷಯ" ಎಂದು ಒತ್ತಿದ್ದೇನೆ. ಬೇಕೆಂದೇ ತಪ್ಪು ಕೆತ್ತಿದ್ದು! ಈ ಒಂದು ತಪ್ಪಿಗಾಗಿ ನೀನು ಊರವರನ್ನೆಲ್ಲ ಎಷ್ಟು ಸಲ ಜಾಡಿಸಿದ್ದೀಯ. ಮದುವೆ ಕರೆಯೋಲೆಯನ್ನು ಕೊಟ್ಟವರ ಎದುರಿಗೇ ಪೆನ್ನು ತೆಗೆದು ತಿದ್ದಿ ವಾಪಸು ಕೊಟ್ಟವಳು ನೀನು. ನನಗೆ ಎರಡು ಪುಟ ಬೈಗುಳ ಬರುತ್ತದೆ ಎಂದು ಕಾಯುತ್ತಿದ್ದೆ. ಬಂದದ್ದು "ತುಂಬ ಚೆನ್ನಾಗಿದೆ". ಸಾಲದ್ದಕ್ಕೆ ನಿನ್ನ ಕಾಗದದಲ್ಲೇ "ಕಶ್ಟ". ಟೈಲರಮ್ಮ ಬರೆದರು ಸರಿ, ಆದರೆ ತಿದ್ದದೆ ಒಂದು ಚೀಟಿಯನ್ನೂ ನೀನು ಮನೆಯಿಂದ ಹೊರಗೆ ಬಿಟ್ಟವಳಲ್ಲ.

ಅಂದರೆ ನೀನು ಕಾರ್ಡನ್ನು ತೆರೆಯಲೇ ಇಲ್ಲ. ಲಕೋಟೆ ಸಮೇತ ಮೂಲೆಗೆ ಎಸೆದು ಬಾಯಿಗೆ ಬಂದದ್ದನ್ನು ಬರೆಸಿದ್ದೀಯ. ನಾನು ಏನು ತಪ್ಪು ಮಾಡಿದೆ ಹೇಳು. ಹೋದ ವರ್ಷ ಬರುತ್ತೇನೆಂದು ಬರಲಿಲ್ಲ, ಅದಕ್ಕೋ? ಬೈದುಬಿಡು. ಆದರೆ ಹೀಗೆ ಅಂಚೆಯವನಿಗೆ ಕೊಡುವಂಥ ಉತ್ತರ ಕೊಡಬೇಡ.

ತಮ್ಮ


೧೫ ಮಾರ್ಚ್

ಮೊದ್ದೇ,

ಕಾರ್ಡನ್ನು ತೆರೆದೆ. ಬಂದ ದಿನವೇ ತೆರೆದೆ. ಏನೂ ಕಾಣಲಿಲ್ಲ.

ಮಣಿಕಟ್ಟು ನೆಟ್ಟಗಿದೆ. ಹೋಗಿರುವುದು ಕಣ್ಣು. ಒಂದೂವರೆ ವರ್ಷದ ಹಿಂದೆ ಸಾಲಿನ ನಡುವಿನ ಅಕ್ಷರಗಳು ಮಾಯವಾಗತೊಡಗಿದವು. ಕನ್ನಡಕ ಬದಲಿಸಿದೆ, ದೀಪ ಬದಲಿಸಿದೆ, ಭೂತಗನ್ನಡಿ ತಂದೆ. ಯಾರಿಗೂ ಹೇಳಲಿಲ್ಲ. ಒಂದು ಪುಸ್ತಕದ ಮುಖಪುಟದಲ್ಲೇ ತಪ್ಪು ಉಳಿದುಹೋಯಿತು. ಪ್ರೆಸ್ಸಿನ ಯಜಮಾನರು ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮಾರನೆಯ ದಿನದಿಂದ ರಜೆ ಎಂದು ಹೇಳಿ ಬಂದವಳು ಮತ್ತೆ ಆ ಬಾಗಿಲು ತುಳಿದಿಲ್ಲ. ಕೈತುಂಬ ಕೆಲಸ ಎಂದದ್ದು ಸುಳ್ಳು. ಈಗ ಕಿಟಕಿ ಇರುವ ಕಡೆ ಬೆಳಕು, ಮಿಕ್ಕ ಕಡೆ ಮಬ್ಬು. ವಾಪಸು ಬರುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

ಟೈಲರಮ್ಮನಿಗೂ ನಿನ್ನ ಕಾರ್ಡನ್ನು ತೋರಿಸಲಿಲ್ಲ. ಅವಳು ಬಣ್ಣಬಣ್ಣವಾಗಿ ವರ್ಣಿಸುತ್ತಾಳೆ, ನಾನು ಸುಮ್ಮನೆ ತಲೆಯಾಡಿಸಬೇಕು. ಅದು ಬೇಡವಾಗಿತ್ತು. ಹೂವೆಂದರೆ ಕೆಂಪಿರುತ್ತದೆ ಎಂದು ಅಂದಾಜಿನಲ್ಲಿ ಹೇಳಿದೆ. ಸಿಕ್ಕಿಬಿದ್ದೆ.

ನೀನು ಬರಬೇಡ. ಕನಿಕರ ಬೇಡ.

ಅಕ್ಕ

(ಅಣ್ಣಾ, ಟೈಲರ್ ಬರೆಯುತ್ತಿದ್ದೇನೆ, ನಿಮ್ಮ ಅಕ್ಕನಿಗೆ ತಿಳಿಯದ ಹಾಗೆ. ಐದು ತಿಂಗಳಿಂದ ಅವರು ಮೆಟ್ಟಿಲು ಇಳಿದಿಲ್ಲ. ಆಸ್ಪತ್ರೆಯವರು ಕೊಟ್ಟ ಬಿಳಿ ಕೋಲು ಬಾಗಿಲ ಹಿಂದೆ ಹಾಗೇ ಇದೆ, ಕಟ್ಟಿದ ದಾರ ಕೂಡ ಬಿಚ್ಚಿಲ್ಲ. ನಾನು ಪತ್ರ ಹಾಕಿ ಬಂದ ಕೂಡಲೇ "ಡಬ್ಬಿಗೆ ಬಿತ್ತಾ? ಬಿದ್ದ ಸದ್ದು ಕೇಳಿಸ್ತಾ?" ಅಂತ ಮೂರು ಸಲ ಕೇಳ್ತಾರೆ.)


೨೦ ಮಾರ್ಚ್

ಅಕ್ಕಾ,

ಒಂದೂವರೆ ವರ್ಷ! ಬೇರೆಯವರ ಪುಸ್ತಕದ ಅಲ್ಪವಿರಾಮಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳುವವಳು ಒಡಹುಟ್ಟಿದವನಿಗೆ ಒಂದು ಸಾಲು ಬರೆಸಲಿಲ್ಲವಲ್ಲ.

ಈಗ ನಾನು ಹೇಳಿದಂತೆ ಕೇಳು. ಏಪ್ರಿಲ್ ಒಂದರಂದು ವ್ಯಾನು ತೆಗೆದುಕೊಂಡು ಬರುತ್ತೇನೆ. ನಿನ್ನ ಸಾಮಾನೆಲ್ಲ ಕಟ್ಟಿಸಿಡಲು ಟೈಲರಮ್ಮನಿಗೆ ಹೇಳು. ನಿನ್ನ ನಾದಿನಿ ಮುಂದಿನ ಕೋಣೆ ಖಾಲಿ ಮಾಡಿ, ಗೋಡೆಗೆ ಸುಣ್ಣ ಹೊಡೆಸಿದ್ದಾಳೆ. ನೀನು ಏನೂ ಮಾಡಬೇಕಾಗಿಲ್ಲ. ಕೂತಲ್ಲಿಗೆ ಊಟ, ಕೂತಲ್ಲಿಗೆ ನೀರು. ಬಚ್ಚಲಿಗೂ ಕೈಹಿಡಿದು ಕರೆದುಕೊಂಡು ಹೋಗುತ್ತಾಳೆ.

ತಮ್ಮ


೨೫ ಮಾರ್ಚ್

ತಮ್ಮಾ,

ನೀನು ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ. ಒಂದು ಖಾನೆಯಿಂದ ತೆಗೆದು ಇನ್ನೊಂದು ಖಾನೆಯಲ್ಲಿ ಇಡಲು ನಾನು ನಿನ್ನ ಅಂಗಡಿಯ ಮೊಹರಲ್ಲ. ಇಪ್ಪತ್ತೆರಡು ವರ್ಷದಿಂದ ಇದು ನನ್ನ ಮನೆ. ಇಲ್ಲಿ ಯಾವ ಲೋಟ ಎಲ್ಲಿದೆ ಎಂದು ನನಗೆ ಗೊತ್ತು. ಬಚ್ಚಲಿನ ದಾರಿಯೂ ಗೊತ್ತು.

ಕಾಗದ ಬರೆಯುವುದಾದರೆ ಬೇರೆ ಏನಾದರೂ ಬರೆ.

ಅಕ್ಕ


೯ ಏಪ್ರಿಲ್

ಟೈಲರಮ್ಮನವರಿಗೆ ನಮಸ್ಕಾರ.

ಈ ಕಾಗದ ನಿಮಗೆ, ಅಕ್ಕನಿಗೆ ಓದಿ ಹೇಳಬೇಡಿ. ವ್ಯಾನಿಗೆ ಬೇಡವೆಂದು ಹೇಳಿದ್ದೇನೆ. ನನ್ನ ಹೆಂಡತಿ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. "ಅತ್ತಿಗೆ ಹಾಸಿಗೆ ಹಿಡಿದಿಲ್ಲ, ನೀವೇ ಹಾಸಿಗೆ ಹಿಡಿಸೋ ಹಾಗೆ ಬರೆದಿದ್ದೀರಿ" ಅಂದಳು. ಯೋಚಿಸಿದೆ. ಅವಳು ಹೇಳಿದ್ದು ಸರಿ.

ಒಂದು ಉಪಕಾರವಾಗಬೇಕು. ನಿಮ್ಮ ಹತ್ತಿರ ಅಳತೆಯ ಟೇಪು ಇದೆ, ನಿಮ್ಮಷ್ಟು ಕರಾರುವಾಕ್ಕಾಗಿ ಅಳೆಯುವವರು ಇನ್ನೊಬ್ಬರಿಲ್ಲ. ಅಕ್ಕನ ಬಾಗಿಲಿನಿಂದ ಅಂಚೆ ಡಬ್ಬಿಯವರೆಗೆ ದಾರಿ ಹೇಗಿದೆ? ಎಷ್ಟು ಹೆಜ್ಜೆ, ಎಷ್ಟು ಮೆಟ್ಟಿಲು, ಎಲ್ಲಿ ತಿರುವು? ದಾರಿಯಲ್ಲಿ ಕೈಗೆ ಏನು ಸಿಗುತ್ತದೆ, ಕಾಲಿಗೆ ಏನು ಸಿಗುತ್ತದೆ, ಮೂಗಿಗೆ ಏನು ಸಿಗುತ್ತದೆ? ಕಣ್ಣಿಗೆ ಸಿಗುವುದನ್ನು ಮಾತ್ರ ಬರೆಯಬೇಡಿ.

ಅಕ್ಕನ ತಮ್ಮ


೧೬ ಏಪ್ರಿಲ್

ಅಣ್ಣಾವ್ರೇ,

ನೀವು ಕೇಳಿದ್ದಕ್ಕೆ ಬೀದಿಯಲ್ಲಿ ಟೇಪು ಹಿಡಿದು ಓಡಾಡಿದೆ. ಕಟ್ಟಡ ಕೆಡವುತ್ತಾರೆ ಅಂತ ಸುದ್ದಿ ಹಬ್ಬಿತು. ಇರಲಿ.

ನಿಮ್ಮ ಅಕ್ಕನ ಚಪ್ಪಲಿ ಹಾಕಿಕೊಂಡು, ಅವರು ನಡೆಯುವ ಹಾಗೇ ನಡೆದು ಎಣಿಸಿದ್ದೇನೆ. ಅವರ ಬಾಗಿಲಿನಿಂದ ಮೆಟ್ಟಿಲಿಗೆ ಒಂಬತ್ತು ಹೆಜ್ಜೆ. ಹದಿನಾಲ್ಕು ಮೆಟ್ಟಿಲು. ಕೆಳಗೆ ಕಬ್ಬಿಣದ ಗೇಟು, ಅದರ ಚಿಲಕ ಎಡಗಡೆ. ಹೊರಗೆ ಬಂದು ಬಲಕ್ಕೆ ತಿರುಗಿದರೆ ಒರಟು ಗೋಡೆ, ಅದನ್ನು ಮುಟ್ಟಿಕೊಂಡೇ ನಲವತ್ತು ಹೆಜ್ಜೆ. ಆಮೇಲೆ ಚರಂಡಿಯ ಮುಚ್ಚಳ, ಕಾಲಿಟ್ಟರೆ ಟಣ್ ಅನ್ನುತ್ತೆ. ಅದರ ಎದುರಿಗೇ ಬೇಕರಿ, ವಾಸನೆ ಹೇಳಬೇಕಾಗಿಲ್ಲ. ಬೇಕರಿ ದಾಟಿ ಹದಿನೆಂಟು ಹೆಜ್ಜೆಗೆ ಮೂಲೆ, ಮೂಲೆಯಲ್ಲಿ ಅಂಚೆ ಡಬ್ಬಿ. ರಸ್ತೆ ದಾಟುವಂಥದ್ದು ಎಲ್ಲೂ ಇಲ್ಲ.

ಏನು ಹೊಲಿಯುತ್ತಿದ್ದೀರಿ ಅಂತ ಕೇಳಲ್ಲ. ಚೆನ್ನಾಗಿ ಹೊಲಿಯಿರಿ.

ಟೈಲರ್


೨೮ ಮೇ

ಪ್ರೀತಿಯ ಅಕ್ಕಾ,

ಎರಡು ತಿಂಗಳು ಸುಮ್ಮನಿದ್ದೆ. ಸಿಟ್ಟಿನಿಂದಲ್ಲ. ಮೊದಲು ತಪ್ಪೊಪ್ಪಿಗೆ. ವ್ಯಾನು ತರುತ್ತೇನೆ ಎಂದದ್ದು ತಪ್ಪು. ನಿನ್ನನ್ನು ಕೇಳಬೇಕಾಗಿತ್ತು, ಹೇಳಿಬಿಟ್ಟೆ.

ಎರಡನೆಯದು ಇನ್ನೂ ಹಳೆಯದು. ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿಲ್ಲ ಎಂದೆನಲ್ಲ, ಪುರುಸೊತ್ತು ಬಿಟ್ಟರೆ ಬೇರೇನೂ ಇಲ್ಲ. ನೋಂದಣಿ ಕಚೇರಿಗೆ ಕಂಪ್ಯೂಟರು ಬಂದ ಮೇಲೆ ಸಹಿಯೂ ಅದರಲ್ಲೇ, ಮೊಹರೂ ಅದರಲ್ಲೇ. ಬಾಗಿಲು ತಟ್ಟುವುದು ಗಾಳಿ ಮಾತ್ರ. ನಿನಗೆ ಆ ಮೊದಲ ಕಾರ್ಡನ್ನು ಮಾಡಿದ್ದು ಪ್ರೀತಿಯಿಂದ ಎಂಬುದು ನಿಜ, ಆದರೆ ಕೈ ಸುಮ್ಮನೆ ಕೂರಲಾರದೆ ಮಾಡಿದ್ದೆಂಬುದೂ ನಿಜ. ನಾಲ್ಕು ಜನ ಹುಡುಕಿಕೊಂಡು ಬರುವ ಕೆಲಸ ಎಂದು ನೀನು ಬರೆದದ್ದನ್ನು ಓದಿ ನಾಚಿಕೆಯಾಯಿತು. ನಾವಿಬ್ಬರೂ ಒಬ್ಬರಿಗೊಬ್ಬರು ಒಂದೇ ಸುಳ್ಳು ಹೇಳುತ್ತಿದ್ದೆವು, ನೋಡು.

ಈಗ ಕಾರ್ಡಿನ ವಿಷಯ. ಇದರ ಜೊತೆ ಇನ್ನೊಂದು ಇದೆ. ಮೊದಲನೆಯದರಲ್ಲಿ ಇದ್ದದ್ದೆಲ್ಲ ಕಣ್ಣಿಗೆ, ಕೈಗೆ ಸಿಕ್ಕುತ್ತಿದ್ದದ್ದು ಬರೀ ನುಣ್ಣನೆಯ ಕಾಗದ. ಈ ಸಲ ಬೇರೆ ರೀತಿ. ನಿಧಾನವಾಗಿ ಆರುವ ಇಂಕಿನಲ್ಲಿ ಮೊಹರು ಒತ್ತುತ್ತೇನೆ. ಅದು ಹಸಿಯಾಗಿರುವಾಗಲೇ ಒಂದು ಬಗೆಯ ಪುಡಿ ಉದುರಿಸಿ, ಹೆಚ್ಚಾದದ್ದನ್ನು ಕೊಡವಿ, ಇಸ್ತ್ರಿಪೆಟ್ಟಿಗೆಯ ಕಾವಿಗೆ ಹಿಡಿಯುತ್ತೇನೆ. ಪುಡಿ ಕರಗಿ ಉಬ್ಬುತ್ತದೆ. ಒತ್ತಿದ ಗೆರೆ ಕಾಗದದಿಂದ ಮೇಲೆದ್ದು ನಿಲ್ಲುತ್ತದೆ!

ಹೇಳಿದಷ್ಟು ಸುಲಭವಾಗಿರಲಿಲ್ಲ. ಮೊದಲನೆಯದು ಸುಟ್ಟಿತು. ಎರಡನೆಯದರಲ್ಲಿ ಇಟ್ಟಿಗೆ ಇಟ್ಟಿಗೆಯಾಗಿ ಗೋಡೆ ಕೆತ್ತಿದೆ. ನೋಡಲು ಅದ್ಭುತ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮುಟ್ಟಿದರೆ ಬರೀ ಗೋಜಲು. ಕಣ್ಣು ಮೆಚ್ಚುವ ಸೂಕ್ಷ್ಮ ಬೆರಳಿಗೆ ಬೇಡ ಎಂದು ಅಲ್ಲಿ ಕಲಿತೆ. ಗೆರೆಗಳನ್ನು ಕಡಿಮೆ ಮಾಡಿದೆ, ದಪ್ಪ ಮಾಡಿದೆ, ನಡುವೆ ಜಾಗ ಬಿಟ್ಟೆ. ಮೂರನೆಯದರಲ್ಲಿ ಪಟ್ಟಿ ಎಳೆದರೆ ಪಟ್ಟಿಯೇ ಕೈಗೆ ಬಂತು, ತಡೆ ಅಂಟಿಸುವುದನ್ನೇ ಮರೆತಿದ್ದೆ. ನಿನ್ನ ನಾದಿನಿ ಕಣ್ಣಿಗೆ ಟವೆಲು ಬಿಗಿದುಕೊಂಡು ಪ್ರತಿಯೊಂದನ್ನೂ ಪರೀಕ್ಷೆ ಮಾಡಿದಳು. ಒಂದೊಂದಕ್ಕೂ "ಇದು ಗೇಟಾ? ನನಗೆ ಬಾಚಣಿಗೆ ಅನ್ನಿಸ್ತು" ಎಂದು ನನ್ನ ಜೀವ ತಿಂದಳು. ಏಳನೆಯದು ಅವಳ ಕೈಯಲ್ಲಿ ಪಾಸಾಯಿತು. ನಿನ್ನ ಕೈಯಲ್ಲಿರುವುದು ಅದೇ.

ಹೇಗೆ ಆಡಿಸಬೇಕೆಂದು ಹೇಳುವುದಿಲ್ಲ. ಟೈಲರಮ್ಮನೂ ಹೇಳಬಾರದು. ಎಡಗಡೆ ಮೇಲಿನ ಮೂಲೆಯಲ್ಲಿ ಒಂದು ಶರ್ಟಿನ ಗುಂಡಿ ಇದೆ. ಅಲ್ಲಿಂದ ಶುರು ಮಾಡು.

ತಮ್ಮ


೯ ಜೂನ್

ಮೊದ್ದೇ,

ನಿನ್ನ ಕಾರ್ಡು ಬಂದು ಮೂರು ದಿನ ಮೇಜಿನ ಖಾನೆಯಲ್ಲಿತ್ತು, ಜೊತೆಗಿದ್ದ ಕಾಗದವನ್ನೂ ಓದಿಸಿಕೊಳ್ಳಲಿಲ್ಲ. ಕುರುಡಿಗೆ ಮತ್ತೆ ಚಿತ್ರದ ಕಾರ್ಡು ಕಳಿಸಿದ್ದಾನೆ, ಇವನ ಬುದ್ಧಿ ಇಷ್ಟೇ ಎಂದುಕೊಂಡೆ. ನಾಲ್ಕನೆಯ ದಿನ ಕತ್ತರಿ ಹುಡುಕಲು ಕೈ ಹಾಕಿದವಳಿಗೆ ಗುಂಡಿ ಸಿಕ್ಕಿತು. ಒತ್ತಿದೆ. ಜಾರಿತು.

ಕುರ್ಚಿ ಎಳೆದುಕೊಂಡು ಕೂತೆ. ಗುಂಡಿಯ ಪಕ್ಕದಲ್ಲಿ ಒಂದು ಬಾಗಿಲು, ತೆರೆದರೆ ತೆರೆಯುತ್ತದೆ. ಅದರ ಆಚೆ ಒಂಬತ್ತು ಚುಕ್ಕೆ. ಏನಪ್ಪಾ ಇದು ಒಂಬತ್ತು? ಆಮೇಲೆ ಅಡ್ಡಗೆರೆಗಳು, ಒಂದರ ಕೆಳಗೆ ಒಂದು. ಬೆರಳು ಇಳಿಯುತ್ತಾ ಹೋಯಿತು. ಇಳಿಯುತ್ತಾ ಹೋದಂತೆ ಮೈ ಜುಮ್ಮೆಂದಿತು. ಮೆಟ್ಟಿಲು! ನನ್ನ ಮೆಟ್ಟಿಲು. ಅದರ ಕೆಳಗೆ ಕಬ್ಬಿಣದ ಸರಳು, ಎಡಗಡೆ ಎಳೆಯಲು ಒಂದು ಪುಟ್ಟ ಪಟ್ಟಿ. ಎಳೆದೆ. ಗೇಟು ಮಡಚಿಕೊಂಡು ಹಿಂದೆ ಸರಿಯಿತು. ಒರಟು ಕಾಗದದ ಗೋಡೆ, ಅದನ್ನು ಸವರಿಕೊಂಡು ಹೋದರೆ ತಗಡಿನ ದುಂಡು ಬಿಲ್ಲೆ. ಉಗುರಿನಿಂದ ತಟ್ಟಿದರೆ ಟಣ್! ಅದನ್ನು ಎಲ್ಲಿಂದ ಹುಡುಕಿದೆಯೋ ಪುಣ್ಯಾತ್ಮ. ಬೇಕರಿಯ ಜಾಗದಲ್ಲಿ ಒಂದು ಕಿಟಕಿ, ಅದರ ಬಾಗಿಲು ಎತ್ತಿದರೆ ಏಲಕ್ಕಿಯ ವಾಸನೆ. ಕೊನೆಗೆ ಗುಂಡಿ ಜಾರುತ್ತಾ ಜಾರುತ್ತಾ ಒಂದು ತೂತಿನೊಳಗೆ ಟಪ್ ಎಂದು ಬಿತ್ತು. ಅಂಚೆ ಡಬ್ಬಿ.

ಒಬ್ಬಳೇ ಜೋರಾಗಿ ನಕ್ಕುಬಿಟ್ಟೆ. ಟೈಲರಮ್ಮ ಹೊಲಿಗೆ ಬಿಟ್ಟು ಓಡಿಬಂದಳು. ನಿನ್ನ ಕಾಗದವನ್ನು ಆಗ ಓದಿಸಿದೆ, ಅವಳ ಟೇಪಿನ ಕಥೆಯೂ ಹೊರಬಿತ್ತು.

ಈಗ ನಿನ್ನ ಕೆಲಸದ ವಿಚಾರಣೆ. ಕೂತು ಕೇಳು.

ನಿನ್ನ ಮೆಟ್ಟಿಲು ಹದಿನಾಲ್ಕು. ಮೂರು ಸಲ ಎಣಿಸಿದೆ, ಹದಿನಾಲ್ಕೇ. ಇಲ್ಲಿ ಇರುವುದು ಹದಿನೈದು! ಕೊನೆಯದು ಮಿಕ್ಕವುಗಳ ಅರ್ಧದಷ್ಟು, ಅಂಚು ಮುರಿದಿದೆ. ಟೈಲರಮ್ಮ ಅದನ್ನು ಮೆಟ್ಟಿಲೆಂದೇ ಲೆಕ್ಕಕ್ಕಿಡದೆ ಹಾರಿ ಇಳಿಯುತ್ತಾಳೆ. ಕರೆದು ಕೇಳಿದೆ. "ಅದೂ ಒಂದು ಮೆಟ್ಟಿಲಾ ಅಕ್ಕಾ?" ಎಂದಳು. "ನನ್ನ ಮೂಗಿಗೆ ಅದು ಮೆಟ್ಟಿಲೇ" ಎಂದೆ. ಹೋಗಿ ನೋಡಿ ಬಂದು ಒಪ್ಪಿಕೊಂಡಳು.

ತಮ್ಮಾ, ನಿನಗೆ ಹೇಗೆ ಹೇಳಲಿ? ಎಂಟು ತಿಂಗಳಿನಿಂದ ನಾನು ಈ ಕೋಣೆಯಲ್ಲಿ ಕೂತು, ನನ್ನಿಂದ ಇನ್ನು ಏನೂ ಆಗದು ಎಂದು ಗೋಡೆಗೆ ಹೇಳುತ್ತಿದ್ದೆ. ಕಣ್ಣಿದ್ದ ಮೂವರು ಅಳೆದು, ಕೆತ್ತಿ, ಪರೀಕ್ಷೆ ಮಾಡಿ ಕಳಿಸಿದ್ದರಲ್ಲಿ ಕಣ್ಣಿಲ್ಲದವಳು ತಪ್ಪು ಹಿಡಿದಳು. ಬೆರಳ ತುದಿಯಲ್ಲಿ ಹಿಡಿದೆ! ಹೋದದ್ದು ಕಣ್ಣು. ತಪ್ಪು ಹಿಡಿಯುವ ಬುದ್ಧಿ ಇದ್ದಲ್ಲೇ ಇದೆ. ಆ ಸಂಜೆ ನನಗೆ ಹಸಿವಾಯಿತು. ಎರಡು ಸಲ ಬಡಿಸಿಕೊಂಡು ಊಟ ಮಾಡಿದೆ.

ಮಾರನೆಯ ದಿನ ಕೋಲಿನ ದಾರ ಬಿಚ್ಚಿದೆ. ಆಸ್ಪತ್ರೆಗೆ ಹೇಳಿ ಕಳಿಸಿದೆ. ಕೋಲು ಹಿಡಿದು ನಡೆಯಲು ಕಲಿಸುವ ಮೇಡಂ ಬಂದರು, ಎರಡು ದಿನ ಮೆಟ್ಟಿಲ ಮೇಲೆಯೇ ಹತ್ತಿಸಿ ಇಳಿಸಿದರು. ಅವರಿಗೂ ಕಣ್ಣಿಲ್ಲ, ಹುಟ್ಟಿನಿಂದಲೇ. ನಿನ್ನ ಕಾರ್ಡನ್ನು ಕೈಗೆ ಕೊಟ್ಟೆ. ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬೆರಳಾಡಿಸಿ, "ಇದನ್ನ ಯಾರು ಮಾಡಿದ್ದು? ಇಂಥದ್ದು ನಮ್ಮ ಆಸ್ಪತ್ರೆಯ ವಾರ್ಡಿನಿಂದ ಗೇಟಿನ ತನಕ ಒಂದು ಬೇಕು. ಆಮೇಲೆ ಮನೆಗೆ ಹೋಗೋ ಪ್ರತಿಯೊಬ್ಬರಿಗೂ ಅವರವರ ದಾರಿಯದು ಬೇಕು" ಎಂದರು. ನಿನ್ನ ವಿಳಾಸ ಕೊಟ್ಟಿದ್ದೇನೆ. ಅಂಗಡಿ ಮುಚ್ಚುವ ಮಾತು ಎತ್ತಿದರೆ ನೋಡು. ಆದರೆ ಒಂದು ಕರಾರು. ನಿನ್ನ ಕೈಯಿಂದ ಹೊರಟ ಪ್ರತಿ ಕಾರ್ಡೂ ನನ್ನ ಬೆರಳ ಕೆಳಗೆ ಹಾದೇ ಮುಂದೆ ಹೋಗಬೇಕು.

ಈ ಕಾಗದವನ್ನು ಟೈಲರಮ್ಮ ಬರೆದಿದ್ದಾಳೆ. ಡಬ್ಬಿಗೆ ಹಾಕುವವಳು ನಾನು. ಅವಳು ಮೇಲೆಯೇ ಇರಬೇಕೆಂದು ಆಣೆ ಹಾಕಿಸಿಕೊಂಡಿದ್ದೇನೆ. ಇದು ನಿನ್ನ ಕೈಗೆ ಸಿಕ್ಕಿದೆ ಎಂದರೆ ನಾನು ಹೋಗಿ ಮುಟ್ಟಿದ್ದೇನೆ ಎಂದು ತಿಳಿ.

ಅಕ್ಕ


೧೦ ಜೂನ್

ಅಣ್ಣಾವ್ರೇ,

ಅಕ್ಷರ ತಪ್ಪಿದ್ದರೆ ಕ್ಷಮಿಸಿ, ತಿದ್ದುವವರಿಗೆ ಹೇಳದೆ ಬರೆಯುತ್ತಿದ್ದೇನೆ.

ಆಣೆ ಮಾಡಿದ್ದು ನಿಜ. ಆದರೆ ನಿಮ್ಮ ಅಕ್ಕ ಲಕೋಟೆ ಹಿಡಿದು ಬಾಗಿಲು ದಾಟಿದ ಮೇಲೆ ನನ್ನ ಕಾಲು ನನ್ನ ಮಾತು ಕೇಳಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು ಸದ್ದಿಲ್ಲದೆ ಹಿಂದೆ ಹೋದೆ.

ಅವರು ಮೆಟ್ಟಿಲು ಇಳಿಯುತ್ತಾ ಗಟ್ಟಿಯಾಗಿ ಎಣಿಸಿದರು. ಹದಿನಾಲ್ಕಕ್ಕೆ ನಿಂತು, ಕೋಲಿನಿಂದ ತಡವಿ, "ಇಲ್ಲಿದ್ದೀಯಾ ನೀನು, ಹದಿನೈದು!" ಅಂದರು, ಕದ್ದು ಕೂತ ಕಳ್ಳನನ್ನು ಹಿಡಿದ ಹಾಗೆ. ಗೇಟು ತೆಗೆದರು. ಗೋಡೆ ಹಿಡಿದರು. ಅರ್ಧ ದಾರಿಯಲ್ಲಿ ಯಾರೋ ಗೋಡೆಗೆ ಒರಗಿಸಿ ಸೈಕಲ್ ನಿಲ್ಲಿಸಿದ್ದರು. ಅದು ನಾನು ಅಳೆದದ್ದರಲ್ಲೂ ಇಲ್ಲ, ನೀವು ಕೆತ್ತಿದ್ದರಲ್ಲೂ ಇಲ್ಲ. ಕೂಗಬೇಕು ಅಂದುಕೊಂಡೆ. ಅಷ್ಟರಲ್ಲಿ ಕೋಲು ತಾಗಿತು. ಸೀಟು ಮುಟ್ಟಿದರು, ಹ್ಯಾಂಡಲ್ ಮುಟ್ಟಿದರು, ಸುತ್ತು ಹಾಕಿ ಮತ್ತೆ ಗೋಡೆಗೆ ಬಂದರು. ಮುಚ್ಚಳ ಟಣ್ ಅಂತು. ಬೇಕರಿಯವನು "ಏನಮ್ಮಾ, ಎಷ್ಟು ದಿನ ಆಯ್ತು ನಿಮ್ಮನ್ನ ನೋಡಿ!" ಅಂದ. "ನಂಗೂ ಅಷ್ಟೇ ದಿನ ಆಯ್ತಪ್ಪ" ಅಂದರು.

ಡಬ್ಬಿಯ ಬಾಯಿ ಹುಡುಕಿ ಕಾಗದ ಹಾಕಿದರು. ಕಿವಿ ಹತ್ತಿರ ಇಟ್ಟು ಬಿದ್ದ ಸದ್ದು ಕೇಳಿದರು. ನಾನು ಬೇಕರಿಯ ಬಳಿ ನಿಂತು ಮೂಗು ಒರೆಸಿಕೊಳ್ಳುತ್ತಿದ್ದೆ. ಇನ್ನು ತಿರುಗಿ ಬರುತ್ತಾರೆ, ಅವರಿಗಿಂತ ಮೊದಲು ಓಡಿಹೋಗಿ ಮೆಷಿನ್ ಮುಂದೆ ಕೂರಬೇಕು ಅಂತ ಹೊರಟೆ.

ಅವರು ತಿರುಗಲಿಲ್ಲ ಅಣ್ಣಾ. ನಿಮ್ಮ ಕಾರ್ಡು ಅಲ್ಲಿಗೆ ಮುಗಿಯುತ್ತೆ. ಅವರು ಮುಂದಕ್ಕೆ ನಡೆದರು.

ಮೂಲೆ ತಿರುಗಿ, ಬೀಗದ ಅಂಗಡಿ ದಾಟಿ, ಅಲ್ಲಿ ಒಬ್ಬರನ್ನು ಕೇಳಿ, ನೇರ ಪ್ರೆಸ್ಸಿನ ಬಾಗಿಲಿಗೆ ಹೋದರು. ಮೆಷಿನ್ ಸದ್ದು ಕೇಳಿ ಬಾಗಿಲಲ್ಲೇ ಸ್ವಲ್ಪ ನಿಂತರು. ನಾನು ಕಿಟಕಿ ಪಕ್ಕ. ಒಳಗಿದ್ದವರು ಒಬ್ಬೊಬ್ಬರೇ ಎದ್ದು ನಿಂತರು. ಯಾರೋ ಮೆಷಿನ್ ನಿಲ್ಲಿಸಿದರು. ಯಜಮಾನರು ಓಡಿಬಂದು "ಒಬ್ಬರೇ ಬಂದ್ರಾ ಅಮ್ಮಾ? ಹೇಳಿದ್ರೆ ನಾನೇ ಬರ್ತಿದ್ದೆ" ಅಂದರು.

"ರಜೆ ಮುಗೀತು" ಅಂದರು ನಿಮ್ಮ ಅಕ್ಕ. "ಯಾರಾದ್ರೂ ಪ್ರೂಫ್ ಓದಿ. ಇದ್ದದ್ದು ಇದ್ದ ಹಾಗೆ, ಚುಕ್ಕೆ ಕೊಂಬು ಬಿಡದೆ. ನಾನು ಕೇಳ್ತೀನಿ."

ಒಬ್ಬರು ಕಥೆ ಪುಸ್ತಕದ ಹಾಳೆ ತಂದು ಓದಲು ಶುರು ಮಾಡಿದರು. ಎರಡನೇ ಸಾಲಿಗೇ ಅಕ್ಕ ಕೋಲು ಕುಟ್ಟಿದರು.

"ನಿಲ್ಲಿಸಿ. 'ಮಕ್ಕಳು ನಕ್ಕಿತು' ಅಂತ ಇದೆಯೋ, ನೀವು ಹಾಗೆ ಓದಿದಿರೋ?"

ಅವರು ಹಾಳೆ ಮೂಗಿನ ಹತ್ತಿರ ಹಿಡಿದು ನೋಡಿದರು. "ಹಾಗೇ ಇದೆ ಅಮ್ಮ. ಎರಡು ಸಲ ತಿದ್ದಿದ ಹಾಳೆ ಇದು, ಯಾರೂ ನೋಡಿಲ್ಲ."

"ನೋಡೋರೆಲ್ಲ ನೋಡಿ ಆಯ್ತಲ್ಲ. ಇನ್ನು ನಾನು ಕೇಳ್ತೀನಿ. ಮುಂದಕ್ಕೆ ಓದಿ."

ಯಜಮಾನರು ಚಪ್ಪಾಳೆ ತಟ್ಟಿಬಿಟ್ಟರು ಅಣ್ಣಾ, ಆಮೇಲೆ ನಾಚಿಕೊಂಡು ಕೈ ಜೇಬಿಗೆ ಹಾಕಿಕೊಂಡರು. ಮಿಕ್ಕವರು ನಾಚಿಕೊಳ್ಳಲಿಲ್ಲ, ತಟ್ಟುತ್ತಲೇ ಇದ್ದರು. ಅಕ್ಕ ಒಂದು ಗಂಟೆ ಓದಿಸಿದರು. ಹನ್ನೊಂದು ತಪ್ಪು. ಯಜಮಾನರು ವಾರಕ್ಕೆ ನಾಲ್ಕು ದಿನ ಬರಲು ಹೇಳಿದ್ದಾರೆ, ಮನೆಗೂ ಕೆಲಸ ಕೊಟ್ಟಿದ್ದಾರೆ, ಅಲ್ಲಿ ಓದಿ ಹೇಳುವವಳು ನಾನು.

ಅಕ್ಕ ಹೊರಗೆ ಬಂದು ಬಾಗಿಲಲ್ಲಿ ನಿಂತು ಗಾಳಿಯ ಕಡೆಗೆ ಹೇಳಿದರು, "ಹೊಲಿಗೆ ಮೆಷಿನ್ ಎಣ್ಣೆ ವಾಸನೆ ಗೇಟಿನಿಂದ ನನ್ನ ಹಿಂದೇನೇ ಬರ್ತಾ ಇದೆ. ಸಾಕು ಕದ್ದು ನಡೆದದ್ದು, ಚಪ್ಪಲಿ ಹಾಕ್ಕೊಂಡು ಪಕ್ಕದಲ್ಲಿ ಬಾ."

ನಾನು ಓಡಿಹೋಗಿ ಅವರ ಕೈ ಹಿಡಿಯಲು ಹೋದೆ. ಅವರು ಹಾಳೆ ತುಂಬಿದ ಚೀಲವನ್ನು ನನ್ನ ಹೆಗಲಿಗೆ ಹಾಕಿದರು.

"ಇದನ್ನ ಹಿಡ್ಕೋ. ಕೈ ನಂಗೆ ಬೇಕು" ಅಂದರು.

ಮತ್ತೆ ಕೋಲು ಚಾಚಿ ಮುಂದೆ ಹೊರಟರು. ಚೀಲ ಭಾರವಾಗಿತ್ತು ಅಣ್ಣಾ. ನಾನು ಹೆಜ್ಜೆ ಹಾಕಿ ಅವರನ್ನು ಹಿಡಿಯುವಷ್ಟರಲ್ಲಿ ಅವರು ಬೇಕರಿ ದಾಟಿದ್ದರು.

ಟೈಲರ್